ಗಾಡಿ ಕೆಟ್ಟಿದೆ

ಮಾರ್ಚ್ 4, ಸೋಮವಾರ

ನಿನ್ನೆಯೂ ಹೋಗಲಿಲ್ಲ. ಅಕ್ಕನಿಗೆ ಫೋನ್ ಮಾಡಿ, "ಗಾಡಿ ಕೆಟ್ಟಿದೆ, ಮುಂದಿನ ಭಾನುವಾರ ಬರ್ತೀನಿ" ಎಂದೆ. ಫೋನ್ ಇಟ್ಟವನು ಅದೇ ಗಾಡಿ ತೆಗೆದುಕೊಂಡು ಹೋಗಿ ತರಕಾರಿ ತಂದೆ. ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯಿತು. ಒಂದು ಸಲ ಕೆಮ್ಮಿದ್ದರೂ ನನಗೆ ಸಮಾಧಾನವಾಗುತ್ತಿತ್ತು.

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಲೆನ್ಸ್ ಉಜ್ಜುವ ಯಂತ್ರದ ಪಕ್ಕ ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ಬರೆದರೆ ನನ್ನವಳು "ಏನ್ರೀ ಅದು?" ಅನ್ನುತ್ತಾಳೆ. ಏನೆಂದು ಹೇಳುವುದು? ನಿನ್ನ ಗಂಡ ಸ್ವಂತ ಅಕ್ಕನಿಗೆ ಸುಳ್ಳು ಹೇಳಿಕೊಂಡು ತಿರುಗುವುದರ ವಿವರ ಎಂದೇ?

ಅದು ಅಕ್ಕನದೇ ಕಾರು. ಅಕ್ಕ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು. ಸ್ಕೂಲ್ ಎಂದರೆ ಅವಳೊಬ್ಬಳು, ಈ ಪುಟ್ಟ ಕಾರೊಂದು. ಊರಿನ ಅರ್ಧ ಜನ ಗೇರ್ ಹಾಕಲು ಕಲಿತದ್ದು ಇದರಲ್ಲೇ. ಅಂದರೆ ಅಷ್ಟೂ ಜನ ಸೇರಿ ಇದರ ಕ್ಲಚ್ ಸುಟ್ಟಿದ್ದಾರೆ, ಗೇರ್ ಕಿರುಚಿಸಿದ್ದಾರೆ, ಕಂಬಕ್ಕೂ ಗೋಡೆಗೂ ಗುದ್ದಿಸಿದ್ದಾರೆ. ಹೊಸದಾಗಿದ್ದಾಗಲೇ ಯಾರೂ ತಿರುಗಿ ನೋಡದಂಥ ಅಗ್ಗದ ಕಾರು. ಮೀಟರು ಮೂರು ಲಕ್ಷ ಕಿಲೋಮೀಟರು ದಾಟಿ ಎಲ್ಲೋ ನಿಂತುಹೋಗಿದೆ. ಗಾಡಿ ಮಾತ್ರ ನಿಂತಿಲ್ಲ. ಅಕ್ಕ ಅದನ್ನು ಕರೆಯುವುದು ಕತ್ತೆ ಎಂದು, ಪ್ರೀತಿಯಿಂದಲೇ. ನಾನು ಡಬ್ಬ ಎನ್ನುತ್ತೇನೆ. ಪಕ್ಕದ ಸೀಟಿನ ಕೆಳಗೆ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು ಇವೆ, ಕಲಿಸುವವರಿಗಾಗಿ. ಕಂಬಿಯಿಂದ ಜೋಡಿಸಿದ್ದು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆಯದೂ ತಾನಾಗಿ ಇಳಿಯುತ್ತದೆ. ಒಮ್ಮೆ ನನ್ನವಳ ಕಾಲು ತಗುಲಿ ನಡುರಸ್ತೆಯಲ್ಲಿ ನಿಂತೆವು. ಅಂದಿನಿಂದ ಅವಳು ಹಿಂದಿನ ಸೀಟಿನ ಮಹಾರಾಣಿ.

ಚಳಿಗಾಲದಲ್ಲಿ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ಇದೆ, ಆದರೆ ಒಂದೊಂದೇ ಪದವನ್ನು ಬಾವಿಯಿಂದ ಸೇದಿ ತರಬೇಕು. ಈಗ ಊರಿನ ಆ ತುದಿಯಲ್ಲಿರುವ ಚೇತರಿಕೆ ಕೇಂದ್ರದಲ್ಲಿದ್ದಾಳೆ. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ಇರುವವನು ನಾನೊಬ್ಬ ತಮ್ಮ. ಸೇರಿದ ದಿನ ಎಡಗೈಯಿಂದ ಕಾರಿನ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, "ನೀರು... ಎಣ್ಣೆ... ನೋಡ್ಕೋ. ಭಾನುವಾರ ಬಾ" ಎಂದಿದ್ದಳು.

ನೀರು ನೋಡಿಲ್ಲ, ಎಣ್ಣೆ ನೋಡಿಲ್ಲ. ಭಾನುವಾರಗಳ ವಿಷಯ ಮೇಲೆ ಬರೆದಿದ್ದೇನೆ.

ಮಾರ್ಚ್ 6, ಬುಧವಾರ

ಗಿರಾಕಿಯೊಬ್ಬರ ಕಣ್ಣು ಪರೀಕ್ಷೆ ಮಾಡುತ್ತಿದ್ದಾಗ ಕೇಂದ್ರದ ಮೇಲ್ವಿಚಾರಕಿಯ ಫೋನ್ ಬಂತು. ಈ ತಿಂಗಳ ಕೊನೆಗೆ ಅಕ್ಕನ ಅವಧಿ ಮುಗಿಯುತ್ತದಂತೆ. ಅಲ್ಲಿ ಮಾಡಬಹುದಾದದ್ದೆಲ್ಲ ಮಾಡಿಯಾಗಿದೆ. ಇನ್ನು ಮನೆಯವರು ಯಾರಾದರೂ ಕರೆದುಕೊಂಡು ಹೋಗಬೇಕು, ಇಲ್ಲವೇ ಊರಾಚೆಯ ಆರೈಕೆ ಮನೆಗೆ ಕಳಿಸುತ್ತಾರೆ.

"ಆರೈಕೆ ಮನೆಗೆ ಹೋದವರು ಅಲ್ಲೇ ಇದ್ದುಬಿಡ್ತಾರೆ ಸಾರ್, ಸಾಮಾನ್ಯವಾಗಿ," ಎಂದರು ಆಕೆ. "ನಿಮ್ಮಕ್ಕ ಎದ್ದು ನಿಲ್ತಿದಾರೆ. ಮನೆ ವಾತಾವರಣ ಸಿಕ್ಕಿದ್ರೆ ನಡೀತಾರೆ. ನಿಮ್ಮನೇಲಿ ಕೋಣೆ ಇದೆ ಅಂತ ಹೇಳಿದ್ರು."

ಕೋಣೆ ಇದೆ. ಅದರಲ್ಲಿ ಮಾರಾಟವಾಗದ ಹಳೆಯ ಫ್ರೇಮುಗಳ ರಟ್ಟಿನ ಪೆಟ್ಟಿಗೆಗಳಿವೆ. ಜಗತ್ತಿನಲ್ಲಿ ಯಾರೂ ಹಾಕಿಕೊಳ್ಳದ ಕನ್ನಡಕಗಳಿಗೆ ಒಂದು ಕೋಣೆ.

"ನನ್ನ ಹೆಂಡತಿಗೆ ಬೆನ್ನುನೋವು ಮೇಡಂ, ತುಂಬಾ," ಎಂದುಬಿಟ್ಟೆ. ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. "ಎತ್ತೋದು ಇಳಿಸೋದು ಅವಳ ಕೈಲಾಗಲ್ಲ."

ಫೋನ್ ಇಟ್ಟು ತಿರುಗಿದರೆ, ಒಂದು ಕಣ್ಣು ಮುಚ್ಚಿಕೊಂಡು ಕೂತಿದ್ದ ಗಿರಾಕಿ ಪಾಪ ಇನ್ನೂ ಹಾಗೇ ಕೂತಿದ್ದರು. "ಕೊನೆ ಸಾಲು ಕಾಣಿಸ್ತಿಲ್ಲ" ಎಂದರು. ನಾನು ಬೋರ್ಡಿಗೆ ಅಡ್ಡ ನಿಂತಿದ್ದೆ.

ಮಾರ್ಚ್ 8, ಶುಕ್ರವಾರ

ಇವತ್ತು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ.

ಬೆಳಗ್ಗೆ ಡಬ್ಬದ ಬಾನೆಟ್ ಎತ್ತಿ ನೋಡಿದೆ. ರೇಡಿಯೇಟರಿನ ನೀರು ತಳ ಕಂಡಿತ್ತು. ಪಕ್ಕದಲ್ಲೇ ನಲ್ಲಿ, ಕೈಗೆಟುಕುವಲ್ಲಿ ಬಕೆಟ್ಟು. ಬಾನೆಟ್ಟನ್ನು ಹಾಗೇ ಮುಚ್ಚಿ ಅಂಗಡಿಗೆ ಬಂದೆ. ಮರೆತು ಬಂದದ್ದಲ್ಲ. ನಿಜವಾಗಿಯೂ ಕೆಟ್ಟುಹೋದರೆ ಸುಳ್ಳು ಹೇಳುವುದಾದರೂ ತಪ್ಪುತ್ತದಲ್ಲ ಅನ್ನಿಸಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ: ನೆಲವನ್ನೇ ಅಗೆದು ಡೊಂಕು ಮಾಡಲು ಹೊರಟಿದ್ದೇನೆ.

ಮಾರ್ಚ್ 10, ಭಾನುವಾರ

ಕೆಡಲಿಲ್ಲ. ಆದರೂ ಫೋನ್ ಮಾಡಿ ಕೆಟ್ಟಿದೆ ಎಂದೆ. ಬರಿದೇ ಕೆಟ್ಟಿದೆ ಎಂದರೆ ಕುಂಟು ನೆಪವಾದೀತೆಂದು ಈ ಸಲ ಸ್ವಲ್ಪ ವಿವರ ಸೇರಿಸಿದೆ.

"ಕ್ಲಚ್ಚಂತೆ ಅಕ್ಕ. ಜಾರ್ತಾ ಇದೆ. ಗೇರೇ ಬೀಳ್ತಿಲ್ಲ."

ಆ ಕಡೆ ಸ್ವಲ್ಪ ಹೊತ್ತು ಉಸಿರು ಮಾತ್ರ ಕೇಳಿಸಿತು. ಪದ ಹುಡುಕುತ್ತಿದ್ದಾಳೆ ಅಂದುಕೊಂಡೆ.

"ಜಾರ್ತಾ... ಇದೆ?"

"ಹೂಂ."

"ಗೇರೂ... ಬೀಳಲ್ಲ?"

"ಎರಡೂ," ಎಂದೆ, ಧಾರಾಳವಾಗಿ.

"ಸರಿ," ಎಂದಳು. ಆಮೇಲೆ, "ಊಟ... ಆಯ್ತಾ?"

ಆಯಿತು ಎಂದೆ. ಆಗಿರಲಿಲ್ಲ. ಅಭ್ಯಾಸಬಲ.

ಮಾರ್ಚ್ 12, ಮಂಗಳವಾರ

ಆಸ್ಪತ್ರೆಯ ಹಿಂದಿನ ಏರಿನಲ್ಲಿ ಡಬ್ಬ ಕುದಿಯಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದು ಎದುರಿನ ಗಾಜೆಲ್ಲ ಬೆಳ್ಳಗಾಯಿತು. ಸುಟ್ಟ ರಬ್ಬರಿನ ವಾಸನೆ. ಪಕ್ಕಕ್ಕೆ ನಿಲ್ಲಿಸಿ ಇಳಿದೆ. ಇಳಿಯುವಾಗ ಮೊದಲು ಮನಸ್ಸಿಗೆ ಬಂದದ್ದು 'ಸದ್ಯ' ಎಂಬ ಮಾತು. ಅದನ್ನೂ ಬರೆದಿಡುತ್ತೇನೆ, ಬಿಡುವುದಿಲ್ಲ.

ಹಣ್ಣಿನ ಅಂಗಡಿಯ ಕಟ್ಟೆಯ ಮೇಲೆ ಕೂತೆ. ಅಂಗಡಿಯಾಕೆ ಹತ್ತಿರ ಬಂದು ಕಾರನ್ನು ಮುಂದಿನಿಂದ ಹಿಂದಿನವರೆಗೆ ನೋಡಿ, "ಇದು ಡ್ರೈವಿಂಗ್ ಅಕ್ಕನ ಗಾಡಿ ಅಲ್ವಾ? ನಾನು ಕಲಿತಿದ್ದೇ ಇದ್ರಲ್ಲಿ. ಒಂದ್ಸಲ ಚರಂಡಿಗೆ ಇಳಿಸಿದ್ದೆ. ಬೈಲೇ ಇಲ್ಲ ನೋಡಿ ಅವ್ರು. 'ಚರಂಡಿ ನೋಡಾಯ್ತು, ಈಗ ರಸ್ತೆ ನೋಡೋಣ' ಅಂದ್ರು," ಎಂದು ನಕ್ಕಳು. "ಹೇಗಿದಾರೆ ಈಗ?"

ಹೇಗಿದ್ದಾಳೆಂದು ನನಗೇನು ಗೊತ್ತು. "ಪರವಾಗಿಲ್ಲ" ಎಂದೆ.

ಆಕೆಯೇ ಬಕೆಟ್ಟಿನಲ್ಲಿ ನೀರು ತಂದುಕೊಟ್ಟಳು. ಎಂಜಿನ್ ಆರಲು ಬಿಟ್ಟು, ಬಟ್ಟೆ ಸುತ್ತಿಕೊಂಡು ಮುಚ್ಚಳ ತೆಗೆದು ಹೊಯ್ದೆ. ಕುಡಿಯಿತು, ಕುಡಿಯಿತು, ಬಕೆಟ್ ಪೂರ್ತಿ ಕುಡಿಯಿತು. ಬಾಯಾರಿದ ಪ್ರಾಣಿಯೊಂದು ನೀರು ಕುಡಿಯುವುದನ್ನು ನೋಡುತ್ತ ನಿಂತ ಹಾಗಾಯಿತು. ನೀರು ಕೊಡದೆ ಕಟ್ಟಿಹಾಕಿದ್ದವನು ನಾನೇ. ಕೀಲಿ ತಿರುಗಿಸಿದೆ. ಸ್ಟಾರ್ಟ್ ಆಯಿತು. ಏನೂ ಆಗದವರ ಹಾಗೆ ಏರು ಹತ್ತಿತು.

ಅಂಗಡಿಗೆ ಬಂದು ಬಾಗಿಲು ತೆಗೆದೆ. ಇವತ್ತು ಲೆನ್ಸ್ ಕತ್ತರಿಸುವ ಕೆಲಸ ಮುಟ್ಟಲಿಲ್ಲ.

ಮಾರ್ಚ್ 15, ಶುಕ್ರವಾರ

ಬೆಳಗ್ಗೆ ಸ್ಪ್ಯಾನರ್ ಮಾಮ ಮನೆ ಬಾಗಿಲಿಗೆ ಬಂದರು. ಅಕ್ಕನ ಕಾರನ್ನು ಮೊದಲಿನಿಂದ ನೋಡಿಕೊಂಡು ಬಂದ ಮೆಕ್ಯಾನಿಕ್. ಅಸಲು ಹೆಸರು ಅವರಿಗೇ ಮರೆತುಹೋಗಿರಬೇಕು. ಕೈಯಲ್ಲಿ ಹೊಸ ಎಣ್ಣೆಯ ಡಬ್ಬಿ.

"ಅಕ್ಕಾವ್ರು ಫೋನ್ ಮಾಡಿದ್ರು. ಕತ್ತೆ ಮೈಗೆ ಹುಷಾರಿಲ್ಲ, ನೋಡ್ಕೊಂಡು ಬಾ ಅಂದ್ರು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವರು ಬಾನೆಟ್ ಎತ್ತುವ ಮೊದಲೇ ನಾನು, "ನೀರು ಹಾಕಿದೀನಿ, ನೀರು ಹಾಕಿದೀನಿ" ಎಂದೆ.

ಮಾಮ ಬಾನೆಟ್ ಎತ್ತಿದರು. ಎಣ್ಣೆಯ ಕಡ್ಡಿ ಎಳೆದು ಬೆರಳಲ್ಲಿ ಉಜ್ಜಿ ನೋಡಿದರು. "ಇದು ಎಣ್ಣೆ ಅಲ್ಲ, ಡಾಂಬರು. ಇದನ್ನ ಹಾಕ್ಕೊಂಡು ಓಡ್ತಿದೆಯಲ್ಲ. ಬೇರೆ ಗಾಡಿ ಆಗಿದ್ರೆ ಯಾವತ್ತೋ ಗುಜರಿ ಸೇರ್ತಿತ್ತು." ಆಮೇಲೆ ಒಳಗೆ ಕೂತು ಕ್ಲಚ್ ಒತ್ತಿ, ಗೇರುಗಳನ್ನೆಲ್ಲ ಒಂದೊಂದಾಗಿ ಹಾಕಿ ತೆಗೆದರು. ರಸ್ತೆಯ ತುದಿಯವರೆಗೆ ಹೋಗಿ ಬಂದರು.

"ಕ್ಲಚ್ಚಿಗೇನೂ ಆಗಿಲ್ಲ," ಎಂದರು. "ಏನಂತ ಹೇಳಿದ್ರಿ ನೀವು ಅಕ್ಕಾವ್ರಿಗೆ?"

"ಜಾರ್ತಿದೆ, ಗೇರ್ ಬೀಳ್ತಿಲ್ಲ ಅಂತ."

ಮಾಮ ಬಟ್ಟೆಯಲ್ಲಿ ಕೈ ಒರೆಸಿಕೊಂಡರು, ಅಗತ್ಯಕ್ಕಿಂತ ಹೆಚ್ಚು ಹೊತ್ತು. "ಜಾರೋ ಕ್ಲಚ್ಚಲ್ಲಿ ಗೇರು ಬೆಣ್ಣೇಲಿ ಚಾಕು ಇಳಿದಂಗೆ ಬೀಳುತ್ತೆ, ಗಾಡಿ ಮಾತ್ರ ಎಳೆಯಲ್ಲ. ಗೇರೇ ಬೀಳ್ತಿಲ್ಲ ಅಂದ್ರೆ ಅದು ಬೇರೆ ರೋಗ. ಎರಡೂ ಒಟ್ಟಿಗೆ ಬರಲ್ಲ. ಲೈಸೆನ್ಸ್‌ಗೆ ಬರೋ ಮಕ್ಕಳಿಗೆ ಮೊದಲ ವಾರವೇ ಅಕ್ಕಾವ್ರು ಹೇಳ್ಕೊಡೋ ಪಾಠ ಅದು."

ನನಗೂ ಹೇಳಿಕೊಟ್ಟಿದ್ದಳು. ಆಗ ನಾನು ಕಿಟಕಿಯಾಚೆ ನೋಡುತ್ತಿದ್ದೆ.

"ಅವ್ರಿಗೆ ಏನ್ ಹೇಳ್ತೀರಿ ಮಾಮ?"

"ನಾನೇನ್ ಹೇಳೋದು. ಅವ್ರೇ ಹೇಳಿ ಕಳಿಸಿದಾರೆ. 'ಏನೂ ಆಗಿರಲ್ಲ. ಎಣ್ಣೆ ಬದಲಾಯಿಸಿ ಬಾ. ಅವನಿಗೆ ಏನೂ ಅನ್ಬೇಡ' ಅಂತ."

ಅವನಿಗೆ ಏನೂ ಅನ್ನಬೇಡ. ಇದನ್ನು ಹೇಳಲು ಅವಳಿಗೆ ಎಷ್ಟು ಹೊತ್ತು ಹಿಡಿದಿರಬೇಕು, ಒಂದೊಂದೇ ಪದ. ಬೈದು ಕಳಿಸಿದ್ದರೆ ಸುಲಭವಿತ್ತು.

ಮಾರ್ಚ್ 17, ಭಾನುವಾರ

ಹೋದೆ.

ಅವಳ ಕೋಣೆ ಮೂರನೆಯ ಮಹಡಿಯಲ್ಲಿ. ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತು ಸೂಪು ಕುಡಿಯುತ್ತಿದ್ದಳು, ಎಡಗೈಯಲ್ಲಿ. ಗಲ್ಲದ ಮೇಲೆ ಒಂದು ಹನಿ ಇಳಿದಿತ್ತು, ಅವಳಿಗೆ ಗೊತ್ತಾಗಿರಲಿಲ್ಲ. ಮೊದಲ ಸಲ ಬಂದಾಗಲೂ ಇದೇ ಆಗಿತ್ತು. ಆಗ ಫೋನ್ ಬಂದವನಂತೆ ನಟಿಸಿ ಹೊರಗೆ ಹೋಗಿ, ಹಾಗೇ ಮನೆಗೆ ಹೋಗಿದ್ದೆ. ಇವತ್ತು ಕೂತೆ. ಒರೆಸಲಿಲ್ಲ. ಒರೆಸಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಅವಳೇ ಒರೆಸಿಕೊಂಡಳು.

"ಕ್ಲಚ್?" ಎಂದಳು.

"ಸರಿ ಹೋಯ್ತು."

"ಹೂಂ."

ಅಷ್ಟೇ. ಮುಖದ ಅರ್ಧ ಅಲುಗುವುದಿಲ್ಲ, ಇನ್ನರ್ಧದಲ್ಲೂ ಏನೂ ಕಾಣಿಸಲಿಲ್ಲ. ಕತ್ತೆಯನ್ನು ನೋಡಬೇಕೆಂದಳು. ಲಿಫ್ಟಿನಲ್ಲಿ ಇಳಿಸಿ ಕುರ್ಚಿಯನ್ನು ಕಾರಿನ ಹತ್ತಿರ ತಳ್ಳಿಕೊಂಡು ಹೋದೆ. ಬಾನೆಟ್ಟಿನ ಮೇಲೆ ಎಡಗೈ ಇಟ್ಟು ಕೂತಳು, ಜ್ವರ ನೋಡುವವರ ಹಾಗೆ.

"ಕುದಿದಿತ್ತು," ಎಂದಳು. ಹೇಗೆ ಗೊತ್ತಾಯಿತೋ. ರೇಡಿಯೇಟರಿನ ಮುಂದೆ ಉಪ್ಪುಗಟ್ಟಿದ ಬಿಳಿಯ ಕಲೆ ಇತ್ತು, ಆಮೇಲೆ ನೋಡಿದೆ.

"ಹೂಂ. ನೀರು ನೋಡಿರಲಿಲ್ಲ."

ನೋಡಿದ್ದೆ ಎಂದು ಹೇಳಲಾಗಲಿಲ್ಲ. ಅರ್ಧ ನಿಜ ಹೇಳುವುದೂ ಒಂದು ಕಲೆ.

ಆಮೇಲೆ ತಿಂಗಳ ಕೊನೆಯ ಮಾತು ತೆಗೆದೆ. ಆರೈಕೆ ಮನೆ ಚೆನ್ನಾಗಿದೆಯಂತೆ, ತೋಟ ಇದೆಯಂತೆ ಎಂದೆ.

"ನೋಡಿದ್ಯಾ?"

"ಫೋಟೋ ನೋಡಿದೆ."

"ಆಗ್ಲಿ," ಎಂದಳು. ಒಂದು ಎದುರು ಮಾತಿಲ್ಲ. ನನ್ನ ಕೋರ್ಸು, ನನ್ನ ಕೆಲಸ, ನನ್ನ ಅಂಗಿಯ ಬಣ್ಣಕ್ಕೂ ಎದುರು ಮಾತಾಡಿದವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಇವಳೇ, ಸಾಕಿದ್ದು ಪಕ್ಕದ ಸೀಟಿನಲ್ಲಿ ಕೂತು. ನಾನು ಸ್ವಲ್ಪ ವೇಗ ಹಿಡಿದರೆ ಸಾಕು, ಅವಳ ಕಾಲು ಬ್ರೇಕಿನ ಮೇಲೆ.

ಎಲ್ಲರಿಗೂ ನಾನು ಹೇಳುವುದು, ಅಕ್ಕನನ್ನು ಆ ಸ್ಥಿತಿಯಲ್ಲಿ ನೋಡಲಾಗುವುದಿಲ್ಲ ಎಂದು. ಅದು ಅರ್ಧ. ಈ ವಯಸ್ಸಿನಲ್ಲಿ ಮತ್ತೆ ಅವಳ ಬ್ರೇಕಿನ ಕೆಳಗೆ ಬದುಕಲಾರೆ ಎನ್ನುವುದು ಇನ್ನರ್ಧ. ಎರಡು ಅರ್ಧ ಸೇರಿದರೆ ಒಬ್ಬ ಪೂರ್ತಿ ಹೇಡಿ.

ಮೇಲ್ವಿಚಾರಕಿ ಕೊಟ್ಟ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. 31ಕ್ಕೆ ನಾನೇ ಅಕ್ಕನ ಗಾಡಿಯಲ್ಲಿ ಬಿಟ್ಟುಬರುತ್ತೇನೆ ಎಂದೆ, ಅವರ ವ್ಯಾನು ಬೇಡ ಎಂದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಮಾರ್ಚ್ 20, ಬುಧವಾರ

ಕೋಲು ಮುರಿಯಿತು.

ಮಧ್ಯಾಹ್ನ ಊಟಕ್ಕೆ ಹೋದಾಗ ನನ್ನವಳು ಎರಡು ಕೈಯಲ್ಲೂ ತುಂಬಿದ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಮೇಲೆ ಬಂದು ಚೀಲ ಇಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಂತು, "ನನ್ನ ಬೆನ್ನಿಗೆ ಏನಾಗಿದೆ ರೀ?" ಎಂದಳು.

ನಾನು ಬಗ್ಗಿ ಚೀಲ ಎತ್ತಿಕೊಳ್ಳಲು ಹೋದೆ.

"ಕೇಂದ್ರದ ಮೇಡಂ ಫೋನ್ ಮಾಡಿದ್ರು. ಅತ್ತಿಗೆಯ ಬಟ್ಟೆ ಎಷ್ಟು ಕಳಿಸ್ತೀರಿ ಅಂತ ಕೇಳೋಕೆ. ಬೆನ್ನು ಹೇಗಿದೆ, ಬಿಸಿನೀರಿನ ಶಾಖ ಕೊಡಿ ಅಂತ ಪಾಪ ನನಗೇ ಉಪದೇಶ ಮಾಡಿದ್ರು. ನಾನು ಹೂಂ ಹೂಂ ಅಂದೆ. ನಿಮ್ಮ ಮಾನ ಉಳಿಸೋಕೆ."

"ಅದು..."

"ಅತ್ತಿಗೆ ಇಲ್ಲಿಗೆ ಬರ್ಲಿ ಅಂತ ಅವತ್ತೇ ಹೇಳಿದ್ದೆ ನಾನು. ನೀವು ಸುಮ್ಮನಿದ್ರಿ. ಈಗ ಬೇಡ ಅಂದವಳು ನಾನಾದೆ." ಅವಳ ದನಿ ಏರಲಿಲ್ಲ. "ಇನ್ನು ನಾನು ಕೇಳಲ್ಲ. ನಿಮ್ಮಕ್ಕ, ನಿಮ್ಮಿಷ್ಟ."

ಜೀವನದಲ್ಲಿ ನನ್ನನ್ನು ಎಂದೂ ಕೈಬಿಡದವರು ಇಬ್ಬರು: ನನ್ನವಳು, ಆ ಕಾರು. ನೆಪಕ್ಕೆ ನಾನು ಆರಿಸಿಕೊಂಡದ್ದು ಸರಿಯಾಗಿ ಅವರಿಬ್ಬರನ್ನೇ.

ಊಟಕ್ಕೆ ಬಡಿಸಿದಳು. ಎಂದಿಗಿಂತ ಹೆಚ್ಚೇ ಬಡಿಸಿದಳು. ತಿಂದೆ.

ಮಾರ್ಚ್ 23, ಶನಿವಾರ

ಅಂಗಡಿಗೆ ಹೊಸ ಸಾಮಾನು ಬರುವುದಿದೆ. ಹಾಗಾಗಿ ಮನೆಯ ಕೋಣೆಯಲ್ಲಿದ್ದ ಹಳೆಯ ಫ್ರೇಮುಗಳನ್ನು ವಿಂಗಡಿಸಿದೆ. ಬೇರೆ ಕಾರಣವೇನಿಲ್ಲ. ಒಂದಷ್ಟನ್ನು ಉಚಿತ ಕಣ್ಣಿನ ಶಿಬಿರದವರು ಒಯ್ದರು. ಕೆಲವನ್ನು ಅಟ್ಟದ ಮೇಲೆ ಹಾಕಿದೆ. ಪೆಟ್ಟಿಗೆಗಳ ಹಿಂದೆ ಅಲ್ಲೊಂದು ಕಿಟಕಿ ಇತ್ತು, ನನಗೆ ಮರೆತೇ ಹೋಗಿತ್ತು. ಅದರ ಬಾಗಿಲು ಗಟ್ಟಿಯಾಗಿ ಕೂತಿತ್ತು, ಸ್ಪ್ಯಾನರ್ ಮಾಮ ಬಿಟ್ಟುಹೋದ ಎಣ್ಣೆಯಲ್ಲಿ ಉಳಿದದ್ದನ್ನು ಸಂದಿಗೆ ಹೊಯ್ದೆ. ತೆಗೆದುಕೊಂಡಿತು. ನೇರ ಕೆಳಗೆ ಕಾರು ಕಾಣುತ್ತದೆ.

ಬೆಳಗ್ಗೆ ಬೆಳಗ್ಗೆ ಕತ್ತೆಯ ನೀರು, ಎಣ್ಣೆ ನೋಡಿದೆ. ಎರಡೂ ಸರಿ ಇವೆ.

ಮಾರ್ಚ್ 24, ಭಾನುವಾರ

ಹೋಗಿ ಬಂದೆ. ಅಕ್ಕ ಎದ್ದು ನಿಂತು ತೋರಿಸಿದಳು, ಮಂಚದ ಕಂಬಿ ಹಿಡಿದು. "ನೋಡು" ಎಂದಳು, ಮೊದಲ ಸಲ ಸೈಕಲ್ ಬಿಟ್ಟ ಮಕ್ಕಳು ಹೇಳುವ ಹಾಗೆ. ನೋಡಿದೆ. ಗಲ್ಲದ ಮೇಲೆ ಟೀ ಇಳಿದಿತ್ತು, ಒರೆಸಿದೆ. "ನಿಧಾನ," ಎಂದಳು. "ಚರ್ಮ... ಕಿತ್ತುಬರುತ್ತೆ."

ಮಾರ್ಚ್ 27, ಬುಧವಾರ

ಗಾಲಿಕುರ್ಚಿಯ ಅಗಲ ಎಷ್ಟಿರುತ್ತದೆ ಎಂದು ಗಿರಾಕಿಯೊಬ್ಬರನ್ನು ಕೇಳಿದೆ. ಅವರು ಆಸ್ಪತ್ರೆಗೆ ಸಾಮಾನು ಒದಗಿಸುವವರು. ಸುಮ್ಮನೆ ಕೇಳಿದ್ದು. ನಮ್ಮ ಕೋಣೆಯ ಬಾಗಿಲಲ್ಲಿ ಹಿಡಿಸುತ್ತದೆ, ಹೊಸ್ತಿಲೊಂದು ಅಡ್ಡ. ಮರಗೆಲಸದವನು ಹೇಗೂ ಪಕ್ಕದ ಮನೆಗೆ ಬಂದಿದ್ದ, ಆ ಹೊಸ್ತಿಲು ತೆಗೆಸಿದೆ. ನಾನೇ ಎಷ್ಟು ಸಲ ಎಡವಿದ್ದೇನೆ ಅದನ್ನು.

ನನ್ನವಳು ಬಾಗಿಲಿಗೆ ಒರಗಿ ನೋಡುತ್ತಿದ್ದಳು. "ಏನ್ರೀ ಅದು?" ಎನ್ನಲಿಲ್ಲ.

ಮಾರ್ಚ್ 29, ಶುಕ್ರವಾರ

ಆರೈಕೆ ಮನೆಯವರು ಫೋನ್ ಮಾಡಿದ್ದರು. ಮಂಚ ಸಿದ್ಧವಿದೆಯಂತೆ. ಒಂದು ಕೋಣೆಯಲ್ಲಿ ಆರು ಜನ. ಬೆಳಗ್ಗೆಯೇ ಬನ್ನಿ, ತಡವಾದರೆ ಕಿಟಕಿಯ ಪಕ್ಕದ ಮಂಚ ಬೇರೆಯವರಿಗೆ ಹೋಗುತ್ತದೆ ಎಂದರು.

ಸಹಿ ಹಾಕಿಯಾಗಿದೆ. ಕೊಟ್ಟ ಮಾತು ಎಂದು ಒಂದಿದೆಯಲ್ಲ. ಅಕ್ಕನೂ ಆಗಲಿ ಅಂದಿದ್ದಾಳೆ.

ಬೇಗ ಅಂಗಡಿ ಮುಚ್ಚಿ ಕಾರು ತೊಳೆದೆ. ಬಾಗಿಲ ಮೇಲಿನ ಡ್ರೈವಿಂಗ್ ಸ್ಕೂಲಿನ ಅಕ್ಷರಗಳು ಮಾಸಿದ್ದರೂ ಓದಲು ಬರುತ್ತವೆ. ಪಕ್ಕದ ಸೀಟಿನ ಕೆಳಗೆ ಅವಳ ಹಳೆಯ ಚಪ್ಪಲಿ ಸಿಕ್ಕಿತು, ಒಂದೇ, ಎಡಗಾಲಿನದು.

ಮಾರ್ಚ್ 31, ಭಾನುವಾರ

ಇವತ್ತು ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ.

ಬೆಳಗ್ಗೆ ಕೇಂದ್ರಕ್ಕೆ ಹೋದಾಗ ಅಕ್ಕ ತಲೆ ಬಾಚಿಸಿಕೊಂಡು, ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೇಲ್ವಿಚಾರಕಿ ಬಾಗಿಲವರೆಗೆ ಬಂದರು. ಗಾಲಿಕುರ್ಚಿ ಮಡಿಸಿ ಡಿಕ್ಕಿಯಲ್ಲಿಟ್ಟೆ. ಹಿಂದಿನ ಬಾಗಿಲು ತೆಗೆದರೆ, ಅಕ್ಕ ತಲೆಯಾಡಿಸಿ ಮುಂದಿನ ಸೀಟು ತೋರಿಸಿದಳು. ಅವಳ ಸೀಟು. ಎತ್ತಿ ಕೂರಿಸಿ ಬಲಗಾಲನ್ನು ಒಳಗಿಟ್ಟೆ. ಎಡಗಾಲನ್ನು ತಾನೇ ಇಟ್ಟುಕೊಂಡಳು.

ಕೀಲಿ ತಿರುಗಿಸಿದೆ. ಸ್ಟಾರ್ಟ್ ಆಯಿತು. ಮೊದಲನೆಯ ಗೇರು ಹಾಕಿದೆ.

"ಬಿತ್ತಲ್ಲ," ಎಂದಳು ಅಕ್ಕ.

ನನ್ನ ಕಿವಿ ಬಿಸಿಯಾಯಿತು. "ಅಕ್ಕ, ಅದು, ಕ್ಲಚ್ಚು..."

"ರಸ್ತೆ ನೋಡು."

ನೋಡಿದೆ. ಭಾನುವಾರದ ಬೆಳಗು, ಜನ ಕಡಿಮೆ. ಹಣ್ಣಿನ ಅಂಗಡಿಯಾಕೆ ಕಾರನ್ನು ಗುರುತಿಸಿ ಕೈ ಬೀಸಿದಳು. ಅಕ್ಕ ಎಡಗೈ ಎತ್ತಿದಳು. ಏರು ಬಂದಾಗ ಅವಳು ಕೇಳದಿದ್ದರೂ ಹೇಳಿಬಿಟ್ಟೆ, "ಇಲ್ಲೇ ಅಕ್ಕ ಕುದಿದದ್ದು. ನೀರಿಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಕಿರಲಿಲ್ಲ. ಕೆಡ್ಲಿ ಅಂತ."

ಏರು ಮುಗಿಯಿತು, ಆಸ್ಪತ್ರೆ ದಾಟಿದೆವು.

"ಕೆಡಲ್ಲ ಅದು," ಎಂದಳು ಅಕ್ಕ. "ನಾನೂ... ನೋಡಿದೀನಿ. ಒಂದೊಂದ್ ದಿನ... ನನಗೂ ಸಾಕಾಗ್ತಿತ್ತು. ನೀನು ಚಿಕ್ಕವನು. ಎಲ್ಲಾದ್ರೂ... ಹೋಗ್ಬಿಡೋಣ ಅನ್ಸೋದು. ಕೆಟ್ಟಿದೆ ಅಂತ... ಹೇಳೋಕೆ ಆಗ್ಲಿಲ್ಲ. ಸ್ಟಾರ್ಟ್ ಆಗೋದು."

ಇಷ್ಟು ಉದ್ದದ ಮಾತನ್ನು ಲಕ್ವ ಹೊಡೆದ ಮೇಲೆ ಅವಳು ಆಡಿದ್ದು ನಾನು ಕೇಳಿರಲಿಲ್ಲ. ಮೊದಲೂ ಕೇಳಿರಲಿಲ್ಲ.

ಕವಲು ಹತ್ತಿರವಾಯಿತು. ನೇರ ಹೋದರೆ ಆರೈಕೆ ಮನೆ, ಎಡಕ್ಕೆ ಹೊರಳಿದರೆ ನಮ್ಮ ಬೀದಿ. ಆರೈಕೆ ಮನೆಯ ಬಾಣದ ಗುರುತಿನ ಹಲಗೆ ಕಂಡಿತು. ಅದನ್ನು ದಾಟುವಷ್ಟರಲ್ಲಿ ಗಾಡಿ ಒಮ್ಮೆ ಮುಗ್ಗರಿಸಿ, ನಡುಗಿ, ಎಂಜಿನ್ ಆಫ್ ಆಗಿ ನಿಂತುಬಿಟ್ಟಿತು. ಹಿಂದಿನಿಂದ ಬಂದ ಲಾರಿ ಹಾರ್ನ್ ಹೊಡೆದು ಸುತ್ತಿಕೊಂಡು ಹೋಯಿತು.

ಕೊನೆಗೂ ಕೆಟ್ಟಿತು ಅಂದುಕೊಂಡೆ. ಇಷ್ಟು ದಿನ ಬಯಸಿದ್ದು ಆಯಿತು, ಎದೆ ಮಾತ್ರ ಧಸಕ್ಕೆಂದಿತು. ಕೆಳಗೆ ನೋಡಿದೆ. ನನ್ನ ಕಾಲು ಬ್ರೇಕಿನ ಮೇಲಿತ್ತು, ಪೆಡಲು ತಳ ಮುಟ್ಟಿತ್ತು. ಪಕ್ಕಕ್ಕೆ ನೋಡಿದೆ. ಅಕ್ಕನ ಎಡಗಾಲು ಅವಳ ಬ್ರೇಕಿನ ಮೇಲಿತ್ತು, ಅದೂ ತಳ ಮುಟ್ಟಿತ್ತು.

"ಯಾರಕ್ಕ ಒತ್ತಿದ್ದು?"

"ನೀನು."

ಒಂದು ಒತ್ತಿದರೆ ಇನ್ನೊಂದು ಇಳಿಯುತ್ತದೆ. ನನಗೆ ನಿಜವಾಗಿಯೂ ಗೊತ್ತಿಲ್ಲ. ಅಕ್ಕ ನನಗೆ ಎಂದೂ ಸುಳ್ಳು ಹೇಳಿದವಳಲ್ಲ. ಆದರೆ ಇದನ್ನು ಹೇಳುವಾಗ ಕಿಟಕಿಯಾಚೆ ನೋಡುತ್ತಿದ್ದಳು.

"ಅವ್ರು ಕಾಯ್ತಿರ್ತಾರೆ," ಎಂದೆ.

"ಫೋನ್ ಮಾಡು."

"ಏನಂತ ಹೇಳ್ಲಿ?"

ಅಕ್ಕ ಈಗ ನನ್ನ ಕಡೆ ತಿರುಗಿದಳು. ಬಾಯಿಯ ಅಲುಗುವ ಅರ್ಧ ಸ್ವಲ್ಪ ಮೇಲಕ್ಕೆ ಹೋಯಿತು.

"ಗಾಡಿ ಕೆಟ್ಟಿದೆ... ಅಂತ ಹೇಳು. ನಿನಗೆ... ಚೆನ್ನಾಗಿ ಬರುತ್ತೆ."

ಅಳು ಬಂತು. ನಡುರಸ್ತೆಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡು ಅತ್ತೆ. ಅಕ್ಕ ಸಮಾಧಾನ ಮಾಡಲಿಲ್ಲ, ಕಾದಳು, ಗಾಡಿ ಆಫ್ ಮಾಡಿಕೊಂಡ ಹೊಸಬರು 'ಅಯ್ಯೋ' ಎಂದು ಕೂತಾಗ ಕಾಯುತ್ತಿದ್ದ ಹಾಗೆ. ಆಮೇಲೆ ಮೂಗು ಒರೆಸಿಕೊಂಡು ಆರೈಕೆ ಮನೆಗೆ ಫೋನ್ ಮಾಡಿದೆ.

"ಗಾಡಿ ಕೆಟ್ಟಿದೆ ಮೇಡಂ. ಬರೋಕಾಗಲ್ಲ."

"ಅಯ್ಯೋ, ಯಾವಾಗ ರಿಪೇರಿ ಆಗಬಹುದು?"

ಅಕ್ಕನ ಕಡೆ ನೋಡಿದೆ. "ಇದು ರಿಪೇರಿ ಆಗೋ ಥರ ಕಾಣಲ್ಲ ಮೇಡಂ," ಎಂದೆ. "ಆ ಮಂಚ ಬೇರೆಯವರಿಗೆ ಕೊಟ್ಬಿಡಿ."

ಫೋನ್ ಜೇಬಿಗಿಟ್ಟು ಕೀಲಿ ತಿರುಗಿಸಿದೆ. ಕತ್ತೆ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಗೇರು ಹಾಕಿ ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಲು ಹೊರಟೆ.

"ಇಂಡಿಕೇಟರ್," ಎಂದಳು ಅಕ್ಕ.

ಹಾಕಿದೆ.